ಚಿಂತೆಯೂ ತಟ್ಟೆಯೂ: ಸಕ್ಕರೆ ಕಾಯಿಲೆಯ ಇತಿಹಾಸ ಕಲಿಸುವ ಪಾಠ

ನಮ್ಮ ಮನೆಗಳಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದ ದಿನ ನಡೆಯುವ ಮಾತುಕತೆ ಹೆಚ್ಚುಕಡಿಮೆ ಒಂದೇ ಬಗೆಯದು. "ಬಾಯಿಗೆ ಕಡಿವಾಣ ಇರಲಿಲ್ಲ, ಅದಕ್ಕೇ ಬಂತು" ಎಂದು ಒಬ್ಬರು ಹೇಳುತ್ತಾರೆ. "ಇಲ್ಲ, ಮಗಳ ಮದುವೆಯ ಸಾಲದ ಚಿಂತೆಯೇ ಇದಕ್ಕೆ ಕಾರಣ" ಎಂದು ಇನ್ನೊಬ್ಬರು ವಾದಿಸುತ್ತಾರೆ. ಮೊದಲ ಮಾತು ರೋಗಿಯ ಮೇಲೆ ಅಪರಾಧ ಹೊರಿಸುತ್ತದೆ. ಎರಡನೆಯ ಮಾತು ತಟ್ಟೆಯ ಕಡೆಗೆ ನೋಡಬೇಕಾದ ಹೊಣೆಯಿಂದ ಎಲ್ಲರನ್ನೂ ಬಿಡಿಸಿಬಿಡುತ್ತದೆ. ಕಾಯಿಲೆ ಬಂದವರು ಮಾತ್ರ ಎರಡನ್ನೂ ತಲೆತಗ್ಗಿಸಿ ಕೇಳಿಸಿಕೊಳ್ಳುತ್ತಾರೆ.

ಆಹಾರವೋ ಚಿಂತೆಯೋ ಎಂಬ ಈ ವಾದ ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ. ಎರಡು ಸಾವಿರ ವರ್ಷಗಳಿಂದ ವೈದ್ಯರು ಈ ಪ್ರಶ್ನೆಯ ಮುಂದೆ ನಿಂತಿದ್ದಾರೆ. ಅವರು ಕಂಡದ್ದೇನು, ಎಲ್ಲಿ ದಾರಿ ತಪ್ಪಿದರು, ಕೊನೆಗೆ ಎಲ್ಲಿಗೆ ಬಂದು ಮುಟ್ಟಿದರು ಎಂಬುದನ್ನು ಅರಿತರೆ ನಮ್ಮ ಮನೆಯ ಮಾತುಕತೆಯೂ ಬದಲಾದೀತು ಎಂಬ ನಿರೀಕ್ಷೆಯಿಂದ ಈ ಇತಿಹಾಸದ ಕೆಲವು ಪುಟಗಳನ್ನು ಇಲ್ಲಿ ತೆರೆಯುತ್ತಿದ್ದೇವೆ.

ಭಾರತದಿಂದ ಬಗ್ದಾದಿಗೆ

ಮೂತ್ರ ಸಿಹಿಯಾಗುವ ಈ ರೋಗವನ್ನು ಸ್ಪಷ್ಟವಾಗಿ ಗುರುತಿಸಿದವರಲ್ಲಿ ನಮ್ಮ ನಾಡಿನ ಪ್ರಾಚೀನ ವೈದ್ಯರು ಮೊದಲಿಗರು. ಚರಕ ಮತ್ತು ಸುಶ್ರುತರ ಸಂಹಿತೆಗಳು ಅದನ್ನು ಮಧುಮೇಹ, ಅಂದರೆ ಜೇನಿನಂತಹ ಮೂತ್ರದ ರೋಗ ಎಂದು ಕರೆದವು. ಅತಿಯಾಗಿ ತಿನ್ನುವುದು, ಸದಾ ಕುಳಿತಿರುವ ಸುಖ, ಅತಿ ನಿದ್ರೆ, ದೈಹಿಕ ಶ್ರಮದ ಅಭಾವ ಇವುಗಳನ್ನು ಕಾರಣಗಳೆಂದು ಹೇಳಿದವು. ಆದರೆ ಚರಕ ಸಂಹಿತೆಯ ಪಟ್ಟಿ ಇಷ್ಟಕ್ಕೆ ಮುಗಿಯುವುದಿಲ್ಲ. ರೋಗದ ಕೆಲವು ಬಗೆಗಳಿಗೆ ಉದ್ವೇಗ, ಶೋಕ ಮತ್ತು ನಿದ್ದೆಗೇಡಿತನ ಕೂಡ ಕಾರಣಗಳೆಂದು ಅದು ಎಣಿಸುತ್ತದೆ. ತಟ್ಟೆ ಮತ್ತು ಮನಸ್ಸು ಒಂದೇ ಗ್ರಂಥದಲ್ಲಿ ಒಟ್ಟಿಗೆ ಕುಳಿತಿದ್ದವು.

ಅಬ್ಬಾಸಿ ಖಲೀಫರ ಕಾಲದಲ್ಲಿ ಈ ಸಂಸ್ಕೃತ ಗ್ರಂಥಗಳು ಅರಬಿ ಭಾಷೆಗೆ ಬಂದವು. ಒಂಬತ್ತನೆಯ ಶತಮಾನದಲ್ಲಿ ಅಲಿ ಇಬ್ನು ರಬ್ಬನ್ ಅತ್ತಬರಿ ತಮ್ಮ 'ಫಿರ್ದೌಸುಲ್ ಹಿಕ್ಮಾ' ಗ್ರಂಥದಲ್ಲಿ ಭಾರತೀಯ ವೈದ್ಯಶಾಸ್ತ್ರಕ್ಕಾಗಿಯೇ ಒಂದು ಭಾಗವನ್ನು ಮೀಸಲಿಟ್ಟರು. ಜ್ಞಾನ ಯಾರದೆಂದು ಕೇಳುವ ಮೊದಲು ಅದು ಸರಿಯೋ ಎಂದು ಕೇಳುತ್ತಿದ್ದ ಕಾಲವದು. ಗ್ರೀಕರ ಗ್ರಂಥಗಳೂ ಅದೇ ಊರಿನಲ್ಲಿ ಅರಬಿಗೆ ಇಳಿದವು. ಗ್ರೀಕರು ಈ ರೋಗಕ್ಕೆ 'ಡಯಾಬಿಟಿಸ್' ಎಂಬ ಹೆಸರು ಕೊಟ್ಟಿದ್ದರು. ಕುಡಿದ ನೀರು ದೇಹದಲ್ಲಿ ನಿಲ್ಲದೆ ಹಾದುಹೋಗುತ್ತದೆ ಎಂಬುದು ಆ ಹೆಸರಿನ ತಾತ್ಪರ್ಯ.

ಇಬ್ನು ಸೀನಾ (980–1037) ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಈ ರೋಗವನ್ನು ವಿವರಿಸಿದರು. ತಣಿಯದ ಬಾಯಾರಿಕೆ, ಮಿತಿಮೀರಿದ ಮೂತ್ರ, ದಿನೇದಿನೇ ಸೊರಗುವ ದೇಹ ಇವೆಲ್ಲ ಅವರಿಗೆ ತಿಳಿದಿದ್ದವು. ಅವರ ನಂತರ ಅಬ್ದುಲ್ಲತೀಫ್ ಅಲ್ ಬಗ್ದಾದಿ (1162–1231) ಈ ಒಂದೇ ರೋಗದ ಕುರಿತು ಪ್ರತ್ಯೇಕ ಪುಸ್ತಿಕೆಯನ್ನೇ ಬರೆದರು.

ಆರು ಅನಿವಾರ್ಯ ಕಾರಣಗಳು

ಈ ಹಕೀಮರು ರೋಗವನ್ನು ನೋಡುತ್ತಿದ್ದ ರೀತಿಯಲ್ಲಿ ಇಂದಿನ ನಮಗೆ ಮುಖ್ಯವಾದ ಒಂದು ಅಂಶವಿದೆ. ಯುನಾನಿ ವೈದ್ಯಪದ್ಧತಿಯಲ್ಲಿ ಅದಕ್ಕೆ 'ಅಸ್ಬಾಬೆ ಸಿತ್ತಾ ಝರೂರಿಯ್ಯಾ', ಅಂದರೆ ಆರು ಅನಿವಾರ್ಯ ಕಾರಣಗಳು ಎಂಬ ಹೆಸರಿದೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ಮನಸ್ಸಿನ ಚಲನೆ ಮತ್ತು ಶಾಂತಿ, ವಿಸರ್ಜನೆ ಮತ್ತು ಧಾರಣ ಎಂಬವೇ ಆ ಆರು. ಮನುಷ್ಯನ ಆರೋಗ್ಯ ಉಳಿಯುವುದೂ ಕೆಡುವುದೂ ಇವುಗಳಿಂದಲೇ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಇಂದಿಗೂ ವಿದ್ಯಾರ್ಥಿಗಳು ಈ ಆರನ್ನು ಕಲಿಯುತ್ತಾರೆ.

ಈ ಪಟ್ಟಿಯನ್ನು ಮತ್ತೊಮ್ಮೆ ನೋಡೋಣ. ಊಟ, ಓಡಾಟ, ನಿದ್ದೆ, ಮನಸ್ಸು: ಇಂದು ಮಧುಮೇಹ ತಜ್ಞರು ರೋಗಿಯನ್ನು ಕೇಳುವ ನಾಲ್ಕು ಪ್ರಶ್ನೆಗಳು ಅಲ್ಲಿವೆ. ಆ ಹಕೀಮರಿಗೆ ಇನ್ಸುಲಿನ್ ಗೊತ್ತಿರಲಿಲ್ಲ. ರೋಗ ಮೂತ್ರಪಿಂಡದ್ದೆಂದು ಅವರು ತಪ್ಪಾಗಿ ಭಾವಿಸಿದ್ದರು. ಅದನ್ನು ಮುಚ್ಚಿಟ್ಟು ಅವರನ್ನು ಹೊಗಳುವ ಅಗತ್ಯ ನಮಗಿಲ್ಲ. ಆದರೆ ಮನುಷ್ಯನನ್ನು ಹೊಟ್ಟೆಯೆಂದೂ ಮನಸ್ಸೆಂದೂ ತುಂಡು ಮಾಡಿ ನೋಡಬಾರದೆಂಬುದು ಅವರಿಗೆ ತಿಳಿದಿತ್ತು.

ಈ ಮಾತನ್ನು ಅತ್ಯಂತ ಸ್ಪಷ್ಟವಾಗಿ ಹೇಳಿದವರು ಇಬ್ನು ಸೀನಾರಿಗಿಂತ ನೂರು ವರ್ಷ ಮುಂಚಿನ ಅಬೂ ಝೈದ್ ಅಲ್ ಬಲ್ಖಿ. 934ರಲ್ಲಿ ನಿಧನರಾದ ಇವರ 'ಮಸಾಲಿಹುಲ್ ಅಬ್ದಾನ್ ವಲ್ ಅನ್‌ಫುಸ್' ಎಂಬ ಗ್ರಂಥದ ಮೊದಲ ಭಾಗ ದೇಹದ ಆರೋಗ್ಯಕ್ಕೂ ಎರಡನೆಯ ಭಾಗ ಮನಸ್ಸಿನ ಆರೋಗ್ಯಕ್ಕೂ ಮೀಸಲು. ದೇಹ ನೊಂದರೆ ಮನಸ್ಸು ಕುಂದುತ್ತದೆ, ಮನಸ್ಸು ನೊಂದರೆ ದೇಹ ರೋಗಕ್ಕೀಡಾಗುತ್ತದೆ, ಆದ್ದರಿಂದ ವೈದ್ಯನಾದವನು ಎರಡನ್ನೂ ಒಟ್ಟಿಗೆ ಬಲ್ಲವನಾಗಿರಬೇಕು ಎಂಬುದು ಅವರ ನಿಲುವು. ಕೋಪ, ಭಯ, ದುಃಖ ಮತ್ತು ಬಿಡದೆ ಕಾಡುವ ಯೋಚನೆಗಳನ್ನು ಅವರು ಬೇರೆಬೇರೆಯಾಗಿ ಚರ್ಚಿಸಿದರು. ಮನೆಯಲ್ಲಿ ತುರ್ತಿಗೆಂದು ಔಷಧಿ ಇಟ್ಟುಕೊಳ್ಳುವ ಹಾಗೆ, ಕಷ್ಟದ ಗಳಿಗೆಗೆಂದು ನೆಮ್ಮದಿ ಕೊಡುವ ಆಲೋಚನೆಗಳನ್ನು ಮುಂಚಿತವಾಗಿಯೇ ಮನಸ್ಸಿನಲ್ಲಿ ಕೂಡಿಟ್ಟುಕೊಳ್ಳಬೇಕೆಂದು ಸಲಹೆ ನೀಡಿದರು.

ಯುರೋಪಿನಲ್ಲಿ ಎರಡು ದಾರಿಗಳು

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಥಾಮಸ್ ವಿಲ್ಲಿಸ್ ಎಂಬ ವೈದ್ಯರು ರೋಗಿಯ ಮೂತ್ರ ಜೇನು ಅಥವಾ ಸಕ್ಕರೆಯಂತೆ ಸಿಹಿಯೆಂದು 1674ರ ತಮ್ಮ ಗ್ರಂಥದಲ್ಲಿ ಬರೆದರು. ಹಿಂದೆ ಅಪರೂಪವಾಗಿದ್ದ ಈ ರೋಗ ತಮ್ಮ ಕಾಲದ ಮದ್ಯಪಾನ ಮತ್ತು ಮೋಜಿನ ಕೂಟಗಳಿಂದ ಹೆಚ್ಚಾಯಿತೆಂದು ಅವರು ಭಾವಿಸಿದರು. ಜೊತೆಗೆ ದೀರ್ಘಕಾಲದ ದುಃಖವೂ ಒಂದು ಕಾರಣವೆಂದರು. ಇವರ ಬರಹದಲ್ಲಿಯೂ ತಟ್ಟೆ ಮತ್ತು ಮನಸ್ಸು ಇನ್ನೂ ಜೊತೆಯಾಗಿಯೇ ಇದ್ದವು. 1776ರಲ್ಲಿ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ಆ ಸಿಹಿ ನಿಜವಾಗಿಯೂ ಸಕ್ಕರೆಯದೇ ಎಂದು ತೋರಿಸಿದರು. ರೋಗಿಯ ರಕ್ತವೂ ಸಿಹಿಯೆಂದು ಕಂಡುಕೊಂಡರು.

ಆಮೇಲೆ ದಾರಿ ಎರಡಾಯಿತು. 1849ರಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಮೊಲವೊಂದರ ಮಿದುಳಿನ ತಳಭಾಗಕ್ಕೆ ಸೂಜಿ ಚುಚ್ಚಿದಾಗ ಅದರ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಯಕೃತ್ತು ತಾನೇ ಸಕ್ಕರೆಯನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ ಎಂಬುದನ್ನು ಕಂಡುಹಿಡಿದವರೂ ಅವರೇ. ಸಿಹಿಯನ್ನು ಬಾಯಿಗೆ ಹಾಕದಿದ್ದರೂ ನರಮಂಡಲದ ಪ್ರಚೋದನೆಯಿಂದ ರಕ್ತದಲ್ಲಿ ಸಕ್ಕರೆ ಏರಬಲ್ಲದು! ಇದು ಬಹಳ ದೊಡ್ಡ ಅರಿವು. ರೋಗದ ಮೂಲ ನರಗಳಲ್ಲಿದೆ ಎಂದು ಅನೇಕ ವೈದ್ಯರು ನಂಬತೊಡಗಿದರು. ಊಟವೇ ಮೂಲವೆಂದು ನಂಬಿದವರು ಇನ್ನೊಂದು ಕಡೆಗೆ ಹೋದರು.

ಮುತ್ತಿಗೆಗೊಳಗಾದ ಪ್ಯಾರಿಸ್

ಈ ವಾದಕ್ಕೆ ಉತ್ತರವನ್ನು ತಂದದ್ದು ಪ್ರಯೋಗಾಲಯವಲ್ಲ, ಒಂದು ಯುದ್ಧ. 1870ರ ಸೆಪ್ಟೆಂಬರ್ 19ರಂದು ಪ್ರಷ್ಯಾದ ಸೇನೆ ಪ್ಯಾರಿಸ್ ನಗರವನ್ನು ಸುತ್ತುವರಿಯಿತು. 1871ರ ಜನವರಿ ಕೊನೆಯವರೆಗೆ ಹೊರಗಿನಿಂದ ಆಹಾರ ಬರಲಿಲ್ಲ. ಜನರು ಕುದುರೆಗಳನ್ನು ತಿಂದರು, ಇಲಿಗಳನ್ನು ತಿಂದರು, ಮೃಗಾಲಯದ ಪ್ರಾಣಿಗಳನ್ನೂ ಬಿಡಲಿಲ್ಲ. ಕೊರೆಯುವ ಚಳಿ, ಫಿರಂಗಿಯ ಗುಂಡುಗಳು, ನಾಳೆಯ ಭಯ. ಮಾನಸಿಕ ಒತ್ತಡಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ?

ಆ ನಗರದಲ್ಲಿ ಅಪೊಲಿನೇರ್ ಬುಶಾರ್ದಾ ಎಂಬ ವೈದ್ಯರು ಮಧುಮೇಹಿಗಳಿಗೆ ಚಿಕಿತ್ಸೆ ನೀಡುತ್ತಿದ್ದರು. ಚಿಂತೆಯೊಂದೇ ಕಾರಣವಾಗಿದ್ದರೆ ಅವರ ರೋಗಿಗಳು ಆ ತಿಂಗಳುಗಳಲ್ಲಿ ಹದಗೆಡಬೇಕಿತ್ತು. ಆದರೆ ಅವರು ಕಂಡದ್ದು ಬೇರೆಯೇ. ಹಲವರ ಮೂತ್ರದಲ್ಲಿ ಸಕ್ಕರೆ ಇಳಿಯಿತು, ಕೆಲವರಲ್ಲಿ ಮಾಯವೇ ಆಯಿತು. ಪಡಿತರದ ತುಣುಕು ರೊಟ್ಟಿ, ಬರಿದಾದ ತಟ್ಟೆ, ಕಾಲ್ನಡಿಗೆಯ ಓಡಾಟ ಇವು ಔಷಧಿ ಮಾಡದ ಕೆಲಸವನ್ನು ಮಾಡಿದ್ದವು. ಯುದ್ಧ ಮುಗಿದ ಮೇಲೆ ಬುಶಾರ್ದಾ ತಮ್ಮ ರೋಗಿಗಳಿಗೆ ಆದಷ್ಟು ಕಡಿಮೆ ತಿನ್ನಬೇಕು, ಪಿಷ್ಟ ಮತ್ತು ಸಕ್ಕರೆಯನ್ನು ಕಡಿತಗೊಳಿಸಬೇಕು, ದೇಹವನ್ನು ದುಡಿಸಬೇಕು ಎಂದು ಒತ್ತಾಯಿಸಿದರು. 1875ರಲ್ಲಿ ತಮ್ಮ ಅನುಭವವನ್ನು ಗ್ರಂಥವಾಗಿ ಪ್ರಕಟಿಸಿದರು.

ಹಸಿವನ್ನು ಯಾರೂ ಹೊಗಳಬೇಕಾಗಿಲ್ಲ. ಆ ಮುತ್ತಿಗೆಯಲ್ಲಿ ಮಕ್ಕಳೂ ವೃದ್ಧರೂ ಸತ್ತರು. ಆದರೆ ಆ ದುರಂತ ಒಂದು ಪ್ರಶ್ನೆಯನ್ನು ನಮ್ಮ ಮುಂದಿಟ್ಟಿತು. ಅಷ್ಟು ಭಯದ ನಡುವೆಯೂ ಸಕ್ಕರೆ ಇಳಿಯಿತೆಂದರೆ, ಬರ್ನಾರ್ಡರ ಮೊಲದ ಪಾಠ ಸುಳ್ಳೇ? ಮನಸ್ಸಿಗೂ ಸಕ್ಕರೆಗೂ ಸಂಬಂಧವೇ ಇಲ್ಲವೇ?

ಆಟವಾಡದೆ ಕುಳಿತ ಐವರು

ಸಂಬಂಧವಿದೆಯೆಂದು ತೋರಿಸಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್. 1911ರಲ್ಲಿ ಅವರೂ ಅವರ ಸಂಗಡಿಗರೂ ಬೆಕ್ಕುಗಳ ಎದುರು ಬೊಗಳುವ ನಾಯಿಯನ್ನು ನಿಲ್ಲಿಸಿದರು. ಹೆದರಿದ ಬೆಕ್ಕುಗಳ ಮೂತ್ರದಲ್ಲಿ ಸಕ್ಕರೆ ಕಾಣಿಸಿತು. ಮನುಷ್ಯರಲ್ಲೂ ಹೀಗೆಯೇ ಆಗುವುದೇ? 1913ರ ಋತುವಿನ ಕೊನೆಯ, ಅತ್ಯಂತ ರೋಚಕವಾದ ಫುಟ್‌ಬಾಲ್ ಪಂದ್ಯ ಮುಗಿದ ಕೂಡಲೇ ಹಾರ್ವರ್ಡ್ ತಂಡದ 25 ಮಂದಿಯ ಮೂತ್ರವನ್ನು ಪರೀಕ್ಷಿಸಲಾಯಿತು. 12 ಮಂದಿಯಲ್ಲಿ ಸಕ್ಕರೆ ಸಿಕ್ಕಿತು. ಅವರಲ್ಲಿ ಐವರು ಮೈದಾನಕ್ಕೆ ಇಳಿದೇ ಇರಲಿಲ್ಲ. ಬದಲಿ ಆಟಗಾರರಾಗಿ ಬೆಂಚಿನ ಮೇಲೆ ಕುಳಿತು ಪಂದ್ಯವನ್ನು ನೋಡಿದ್ದರು, ಅಷ್ಟೇ.

ಆಡಿದವರ ದೇಹ ಸಕ್ಕರೆಯನ್ನು ಓಟದಲ್ಲಿ ಬಳಸಿಕೊಳ್ಳಬಲ್ಲದು. ಕುಳಿತವರ ದೇಹ ಅದೇ ಉದ್ವೇಗದಿಂದ ಸಕ್ಕರೆಯನ್ನು ಹೊರಬಿಟ್ಟಿತು, ಆದರೆ ಅದಕ್ಕೆ ಕೆಲಸ ಇರಲಿಲ್ಲ. ನಮ್ಮ ಕಾಲದ ಬದುಕನ್ನು ಆ ಐವರಲ್ಲಿ ಕಾಣಬಹುದು. ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ, ಕಚೇರಿಯ ಕುರ್ಚಿಯಲ್ಲಿ, ಲಾರಿಯ ಸ್ಟಿಯರಿಂಗಿನ ಮುಂದೆ, ಗಲ್ಫ್‌ನಲ್ಲಿರುವ ಮಗನ ಕರೆಗಾಗಿ ಫೋನಿನ ಎದುರು ನಾವು ಕುಳಿತಿದ್ದೇವೆ. ಪಂದ್ಯ ನಡೆಯುತ್ತಲೇ ಇದೆ. ಮೈಗೆ ಮಾತ್ರ ಓಟವಿಲ್ಲ.

ಎರಡೂ ದಾರಿ ಸೇರುವ ಜಾಗ

ಇಂದು ಈ ಎರಡು ದಾರಿಗಳು ದೇಹದ ಒಳಗೆ ಎಲ್ಲಿ ಸೇರುತ್ತವೆ ಎಂಬುದು ತಿಳಿದಿದೆ. ಅಪಾಯ ಎದುರಾದಾಗ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಸೇರುತ್ತವೆ. ಓಡಲು ಅಥವಾ ಹೋರಾಡಲು ಬೇಕಾದ ಶಕ್ತಿಗಾಗಿ ಯಕೃತ್ತು ಸಕ್ಕರೆಯನ್ನು ಬಿಡುತ್ತದೆ. ಅದೇ ವೇಳೆ ಇನ್ಸುಲಿನ್ ತನ್ನ ಕೆಲಸವನ್ನು ಸುಲಭವಾಗಿ ಮಾಡಲಾಗುವುದಿಲ್ಲ. ಅಪಾಯ ಕಳೆದರೆ ಎಲ್ಲವೂ ಮೊದಲಿನಂತಾಗುತ್ತದೆ. ಆದರೆ ಸಾಲದ ಕಂತು, ಮನೆಯ ಜಗಳ, ಕೆಲಸದ ಅಭದ್ರತೆಗಳು ನಾಯಿಯಂತೆ ಬೊಗಳಿ ಹೊರಟುಹೋಗುವುದಿಲ್ಲ. ಅವು ವರ್ಷಗಟ್ಟಲೆ ಬಾಗಿಲಲ್ಲೇ ನಿಲ್ಲುತ್ತವೆ.

ಚಿಂತೆ ತಟ್ಟೆಯನ್ನೂ ಬದಲಿಸುತ್ತದೆ. ನೊಂದ ಮನಸ್ಸು ಸಿಹಿ ಮತ್ತು ಕರಿದ ತಿಂಡಿಯಲ್ಲಿ ಸಮಾಧಾನ ಹುಡುಕುತ್ತದೆ. ಹೊತ್ತಿಗೆ ಸರಿಯಾದ ಊಟ ತಪ್ಪುತ್ತದೆ, ತಡರಾತ್ರಿಯ ಊಟ ರೂಢಿಯಾಗುತ್ತದೆ. ನಡಿಗೆ ನಿಲ್ಲುತ್ತದೆ, ನಿದ್ದೆ ಹೋಗುತ್ತದೆ. 1999ರಲ್ಲಿ ಶಿಕಾಗೋದ ಸಂಶೋಧಕರು ಆರೋಗ್ಯವಂತರಾದ 11 ಯುವಕರಿಗೆ ಆರು ರಾತ್ರಿ ಬರೀ ನಾಲ್ಕು ಗಂಟೆ ಮಲಗಲು ಅವಕಾಶ ಕೊಟ್ಟರು. ಅಷ್ಟರಲ್ಲೇ ಸಕ್ಕರೆಯನ್ನು ನಿಭಾಯಿಸುವ ಅವರ ದೇಹದ ಶಕ್ತಿ ಕುಂದಿತು. ಹೆಚ್ಚಿದ ಊಟ ಹೊಟ್ಟೆಯ ಸುತ್ತ ಕೊಬ್ಬಾಗಿ ಕುಳಿತು ಇನ್ಸುಲಿನ್ನಿಗೆ ಅಡ್ಡಿಯಾಗುತ್ತದೆ. ಮೇದೋಜೀರಕ ಗ್ರಂಥಿ ವರ್ಷಗಟ್ಟಲೆ ಹೆಚ್ಚು ಇನ್ಸುಲಿನ್ ಸುರಿಸಿ ದಣಿಯುತ್ತದೆ. ಆಗ ಸಕ್ಕರೆ ರಕ್ತದಲ್ಲಿ ಉಳಿಯುತ್ತದೆ.

ಈಗ ಪ್ಯಾರಿಸಿನ ಒಗಟು ಬಿಡಿಸಿಕೊಳ್ಳುತ್ತದೆ. ಅಲ್ಲಿ ಭಯವಿತ್ತು, ಆದರೆ ತಟ್ಟೆ ಬರಿದಾಗಿತ್ತು, ಕಾಲುಗಳು ನಡೆಯುತ್ತಿದ್ದವು. ನಮ್ಮಲ್ಲಿ ಭಯವೂ ಇದೆ, ತುಂಬಿದ ತಟ್ಟೆಯೂ ಇದೆ, ಕುರ್ಚಿಯೂ ಇದೆ. ಅಪಾಯ ಹೆಚ್ಚುವುದು ಈ ಮೂರೂ ಒಂದೇ ಮನೆಯಲ್ಲಿ ಸೇರಿದಾಗ. ಖಿನ್ನತೆಯಿಂದ ಬಳಲುವವರಿಗೆ ಎರಡನೆಯ ಬಗೆಯ ಮಧುಮೇಹ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಶೇಕಡಾ 60ರಷ್ಟು ಹೆಚ್ಚೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ವಿಶ್ಲೇಷಣೆಯೊಂದು ತೋರಿಸಿತು. ಮಧುಮೇಹವಿರುವವರಲ್ಲಿ ಖಿನ್ನತೆಯ ಸಾಧ್ಯತೆಯೂ ಸ್ವಲ್ಪ ಹೆಚ್ಚೆಂದು ಅದೇ ವಿಶ್ಲೇಷಣೆ ಹೇಳಿತು. ದೇಹ ಮತ್ತು ಮನಸ್ಸು ಪರಸ್ಪರ ನೋಯಿಸುತ್ತವೆ ಎಂದ ಬಲ್ಖಿಯವರ ಮಾತಿಗೆ ಸಾವಿರ ವರ್ಷಗಳ ನಂತರ ಸಿಕ್ಕ ಲೆಕ್ಕವಿದು.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಹೆಚ್ಚಾಗಿ ಮಕ್ಕಳಲ್ಲಿ ಮತ್ತು ಯುವಕರಲ್ಲಿ ಕಾಣಿಸುವ ಮೊದಲನೆಯ ಬಗೆಯ ಮಧುಮೇಹ ಸಿಹಿ ತಿಂದುದರಿಂದಲೂ ಚಿಂತೆಯಿಂದಲೂ ಬರುವುದಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶ ಮಾಡುವುದರಿಂದ ಅದು ಬರುತ್ತದೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೋದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಬಾರಿಗೆ ಇನ್ಸುಲಿನ್ ಕೊಡುವವರೆಗೆ ಅಂತಹ ಮಕ್ಕಳ ಪಾಲಿಗೆ ಅದು ಮರಣದ ತೀರ್ಪೇ ಆಗಿತ್ತು. ಅಂತಹ ಮಗುವಿನ ತಾಯಿಯನ್ನು ದೂರುವುದು ಅಜ್ಞಾನ. ಇನ್ಸುಲಿನ್ ನಿಲ್ಲಿಸಿ ಬೇರೆ ಮದ್ದು ಹುಡುಕುವುದು ಪ್ರಾಣಾಪಾಯ.

ನಮ್ಮ ನಾಡಿನ ಲೆಕ್ಕ

ಭಾರತದ ನಗರವಾಸಿಗಳ ಮಧುಮೇಹ ನೂರು ವರ್ಷಗಳ ಹಿಂದೆಯೇ ವೈದ್ಯರ ಗಮನ ಸೆಳೆದಿತ್ತು. 1907ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘದ ಸಭೆಯಲ್ಲಿ ಉಷ್ಣವಲಯದ ಮಧುಮೇಹದ ಕುರಿತು ನಡೆದ ಚರ್ಚೆಯಲ್ಲಿ ಬಂಗಾಳದ ಓದುಬರಹದ ಮಧ್ಯಮ ವರ್ಗದ ಮಾತು ಬಂತು. ಕುಳಿತು ಮಾಡುವ ಕೆಲಸ, ಮಾನಸಿಕ ದಣಿವು, ಪಿಷ್ಟ ಮತ್ತು ಸಿಹಿ ತುಂಬಿದ ಊಟ ಎಂಬ ಕಾರಣಗಳು ಆಗಲೇ ಚರ್ಚೆಯಲ್ಲಿದ್ದವು. ಅಂದು ಕೆಲವರ ರೋಗವಾಗಿದ್ದುದು ಇಂದು ಎಲ್ಲರ ಮನೆಗೆ ಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ.

ಇದರಲ್ಲಿ ಎಲ್ಲವೂ ರೋಗಿಯ ಕೈಯಲ್ಲಿರುವುದಿಲ್ಲ ಎಂಬುದನ್ನೂ ಒಪ್ಪಬೇಕು. ವಂಶದ ಪ್ರಭಾವವಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಜೋಪಾನವಾಗಿ ಬರೆದಿಟ್ಟ ಹುಟ್ಟಿನ ದಾಖಲೆಗಳನ್ನು ಹಿಡಿದು ಸಂಶೋಧಕರು, ಅಲ್ಲಿ ಹುಟ್ಟಿ ನಡುವಯಸ್ಸಿಗೆ ಬಂದವರನ್ನು ಪರೀಕ್ಷಿಸಿದರು. ಹುಟ್ಟುವಾಗಿನ ಮೈಕಟ್ಟಿಗೂ ತಾಯಿಯ ತೂಕಕ್ಕೂ ಮುಂದಿನ ಮಧುಮೇಹಕ್ಕೂ ಸಂಬಂಧವಿರುವುದು ಕಂಡುಬಂತು. ಗರ್ಭಿಣಿಯ ಊಟ ಮತ್ತು ನೆಮ್ಮದಿ ಅವಳೊಬ್ಬಳ ವಿಷಯವಲ್ಲ, ಇಡೀ ಮನೆಯ ಹೊಣೆ ಎಂಬುದು ಇದರಿಂದ ನಾವು ಕಲಿಯಬೇಕಾದದ್ದು.

ಆದರೂ ಕೈಯಲ್ಲಿರುವುದು ಸಣ್ಣದೇನಲ್ಲ. ರೋಗದ ಹೊಸ್ತಿಲಲ್ಲಿದ್ದ 531 ಮಂದಿ ಭಾರತೀಯರ ಮೇಲೆ ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳಲ್ಲಿ, ಸಾಮಾನ್ಯ ಸಲಹೆಯಷ್ಟೇ ಪಡೆದವರಲ್ಲಿ ಶೇಕಡಾ 55 ಮಂದಿ ಮಧುಮೇಹಿಗಳಾದರು. ಊಟವನ್ನು ಹದಗೊಳಿಸಿ ನಿತ್ಯ ನಡೆದವರಲ್ಲಿ ಆ ಪ್ರಮಾಣ ಸುಮಾರು ಶೇಕಡಾ 39ಕ್ಕೆ ಇಳಿಯಿತು. ಯಾವ ದುಬಾರಿ ಮದ್ದೂ ಇಲ್ಲದೆ, ಬರೀ ತಟ್ಟೆ ಮತ್ತು ಕಾಲ್ನಡಿಗೆಯಿಂದ ನೂರರಲ್ಲಿ ಹದಿನಾರು ಮಂದಿ ಆ ಮೂರು ವರ್ಷಗಳಲ್ಲಿ ರೋಗದಿಂದ ದೂರ ಉಳಿದರು. ಆ ಹದಿನಾರರಲ್ಲಿ ಒಬ್ಬರು ನಮ್ಮ ತಾಯಿಯೋ ತಂದೆಯೋ ಆಗಿರಬಾರದೇಕೆ?

ನಮ್ಮ ದಸ್ತರಖಾನಿನ ಮುಂದೆ

ಹೊಟ್ಟೆ ಬಿರಿಯುವಂತೆ ತಿನ್ನಬಾರದೆಂಬ ಬೋಧನೆಯನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಆದರೆ ರಮದಾನ್ ತಿಂಗಳ ನಮ್ಮ ಇಫ್ತಾರ್ ಮೇಜನ್ನು ನೋಡಿದರೆ ಹಗಲಿನ ಸಂಯಮ ಮಗ್ರಿಬ್ ಅಝಾನಿನೊಂದಿಗೆ ಮುಗಿಯಿತೇನೋ ಎನಿಸುತ್ತದೆ. ಕರಿದ ಸಮೋಸ, ಸಕ್ಕರೆಯ ಶರಬತ್ತು, ನಡುರಾತ್ರಿಯವರೆಗೆ ಬಿರಿಯಾನಿ, ಕಡಿಮೆಯಾದ ನಿದ್ದೆ: ಆರು ಕಾರಣಗಳಲ್ಲಿ ಮೂರ್ನಾಲ್ಕನ್ನು ನಾವೇ ಒಂದು ತಿಂಗಳಲ್ಲಿ ಕೆಡಿಸಿಕೊಳ್ಳುತ್ತೇವೆ.

ಈಗಾಗಲೇ ರೋಗವಿರುವವರ ವಿಷಯ ಇನ್ನೂ ಸೂಕ್ಷ್ಮ. 13 ದೇಶಗಳ 12,000ಕ್ಕೂ ಹೆಚ್ಚು ಮುಸ್ಲಿಮ್ ಮಧುಮೇಹಿಗಳ ಮಧ್ಯೆ ನಡೆದು 2004ರಲ್ಲಿ ಪ್ರಕಟವಾದ 'ಎಪಿಡಿಯಾರ್' ಅಧ್ಯಯನದಲ್ಲಿ, ಎರಡನೆಯ ಬಗೆಯ ಮಧುಮೇಹವಿದ್ದವರಲ್ಲಿ ಶೇಕಡಾ 79 ಮಂದಿ ಕನಿಷ್ಠ 15 ದಿನ ಉಪವಾಸ ಆಚರಿಸಿದ್ದು ತಿಳಿದುಬಂತು. ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯುವ ಘಟನೆಗಳು ಅವರಲ್ಲಿ ಉಳಿದ ತಿಂಗಳುಗಳಿಗಿಂತ ಏಳು ಪಟ್ಟಿಗೂ ಹೆಚ್ಚಾಗಿದ್ದವು. ಉಪವಾಸಕ್ಕೆ ಮುಂಚೆಯೇ ವೈದ್ಯರನ್ನು ಕಂಡು ಔಷಧಿಯ ಪ್ರಮಾಣ ಮತ್ತು ವೇಳೆಯನ್ನು ಬದಲಿಸಿಕೊಂಡರೆ ಹಲವರು ಸುರಕ್ಷಿತವಾಗಿ ಉಪವಾಸ ಆಚರಿಸಬಲ್ಲರು. ಕೆಲವರಿಗೆ ಅದು ಸಲ್ಲದು. ರೋಗಿಗೆ ದೇವನೇ ಕೊಟ್ಟ ರಿಯಾಯಿತಿಯನ್ನು ಮನೆಯವರು ಮುಖ ಸಿಂಡರಿಸಿ ಕಸಿದುಕೊಳ್ಳಬಾರದು. ಉಪವಾಸ ಬಿಟ್ಟ ಅಜ್ಜಿ ಅಡುಗೆಮನೆಯ ಮೂಲೆಯಲ್ಲಿ ಕದ್ದು ಮಾತ್ರೆ ನುಂಗುವಂತಾದರೆ ಆ ಸಂಕೋಚವೂ ಒಂದು ಒತ್ತಡವೇ.

ಇನ್ನೊಂದು ಮಾತು ಮದುವೆಯದು. ಸಾಲ ಮಾಡಿ ಸಾವಿರ ಮಂದಿಗೆ ಔತಣ ಬಡಿಸುವ ತಂದೆಯ ಮನೆಯಲ್ಲಿ ಒಂದೇ ದಿನ ಎರಡೂ ಕಾರಣಗಳು ಒಟ್ಟಾಗಿ ಒಳಬರುತ್ತವೆ: ಅತಿಥಿಯ ತಟ್ಟೆಯಲ್ಲಿ ಅತಿಯಾದ ಅನ್ನ, ಆತಿಥೇಯನ ಎದೆಯಲ್ಲಿ ವರ್ಷಗಟ್ಟಲೆಯ ಚಿಂತೆ. ಸರಳ ನಿಕಾಹ್ ಎಂಬುದು ಧರ್ಮದ ಆದೇಶ ಮಾತ್ರವಲ್ಲ, ಆರೋಗ್ಯದ ಮಾತೂ ಹೌದು ಎಂದು ನಾವು ಹೇಳಿದರೆ ಅದು ಅತಿಶಯೋಕ್ತಿಯಾಗದು.

ಎರಡು ಸಾವಿರ ವರ್ಷಗಳ ಈ ಇತಿಹಾಸ ನಮ್ಮ ಮನೆಯ ಹಳೆಯ ವಾದಕ್ಕೆ ಕೊಡುವ ಉತ್ತರ ಸರಳವಾಗಿದೆ. "ನೀವು ತಿಂದುದರಿಂದ ಬಂತು" ಎನ್ನುವವರೂ ಅರ್ಧ ಸತ್ಯ ಹೇಳುತ್ತಾರೆ, "ಚಿಂತೆಯಿಂದ ಬಂತು" ಎನ್ನುವವರೂ ಅರ್ಧ ಸತ್ಯ ಹೇಳುತ್ತಾರೆ. ಮಾತ್ರೆ ನುಂಗಿಸಿ ಮನಸ್ಸನ್ನು ಕೇಳದಿದ್ದರೆ ಚಿಕಿತ್ಸೆ ಅರ್ಧ. ಸಮಾಧಾನ ಹೇಳಿ ತಟ್ಟೆಯನ್ನು ಬದಲಿಸದಿದ್ದರೂ ಅರ್ಧವೇ. ಇಂದು ರಾತ್ರಿ ಊಟದ ನಂತರ ಮನೆಯ ಹಿರಿಯರ ಜೊತೆ ಅರ್ಧ ಗಂಟೆ ನಡೆಯಲು ಹೋಗೋಣ. ಅನ್ನವನ್ನು ಒಂದು ಸೌಟು ಕಡಿಮೆ, ತರಕಾರಿಯನ್ನು ಒಂದು ಸೌಟು ಹೆಚ್ಚು ಬಡಿಸೋಣ. ನಡೆಯುವ ದಾರಿಯಲ್ಲಿ ಅವರ ಸಕ್ಕರೆಯ ಸಂಖ್ಯೆಯನ್ನು ಕೇಳುವ ಮೊದಲು, ಅವರ ಮನಸ್ಸಿನ ಮೇಲಿರುವ ಭಾರ ಏನೆಂದು ಕೇಳೋಣ. ಆ ಭಾರದಲ್ಲಿ ಒಂದಿಷ್ಟನ್ನು ನಮ್ಮ ಹೆಗಲಿಗೆ ಹಾಕಿಕೊಳ್ಳುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ.